ರಿಯಾಲಿಟಿ ಶೋ ಬಳಕೆದಾರರ ಕೈಪಿಡಿ (ನಾಲ್ಕು ತಾಲ್ಲೂಕುಗಳಿಗೆ ಮಾತ್ರ)

ಈ ಕೈಪಿಡಿ ಯಾರಿಗೆ

ಸೆಲೆಬ್ರಿಟಿ ತೀರ್ಪುಗಾರರು ಕೂರುವ ಟೀವಿ ಸ್ಪರ್ಧೆಯೊಂದನ್ನು ಆರಿಸಿಕೊಂಡಿದ್ದೀರಿ, ಅಭಿನಂದನೆಗಳು. ಮಗ ಹಾಡುತ್ತಾನೆ, ಮಗಳು ಮಿಮಿಕ್ರಿ ಮಾಡುತ್ತಾಳೆ, ಅವೆರಡೂ ಇಲ್ಲದಿದ್ದರೆ ಮದುವೆಮನೆಯಲ್ಲಿ ಎಲ್ಲರನ್ನೂ ನಗಿಸುವ ಸೋದರಮಾವನೊಬ್ಬ ಇದ್ದಾನೆ ಎಂದಾದರೂ ಸಾಕು, ಯಂತ್ರ ಚಾಲೂ ಆಗುತ್ತದೆ. ಈ ಕೈಪಿಡಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳ ಬಳಕೆದಾರರಿಗೆ ಮಾತ್ರ. ಮಂಡ್ಯ, ಮದ್ದೂರಿನವರ ಕೈಪಿಡಿ ಬೇರೆ. ಮಳವಳ್ಳಿಯವರಿಗೆ ಕೈಪಿಡಿಯೇ ಬೇಕಿಲ್ಲ, ಅವರು ನೋಡಿ ನೋಡಿಯೇ ಕಲಿತುಬಿಟ್ಟಿದ್ದಾರೆ.

ಬಳಸುವ ಮೊದಲು ಪೂರ್ತಿ ಓದಿ. ಓದದೆ ಬಳಸಿದರೆ ಏನಾಗುತ್ತದೆ ಎಂದರೆ, ಮಗ ಹೋಗಿ ಹಾಡಿ ಬರುತ್ತಾನೆ, ಅಷ್ಟೆ. ಬರೀ ಹಾಡಿ ಬರುವುದಕ್ಕೆ ಅಷ್ಟು ದೂರ ಹೋಗಬೇಕಾಗಿರಲಿಲ್ಲ, ಊರ ಗಣಪತಿ ಪೆಂಡಾಲಿನಲ್ಲೇ ಮುಗಿಯುತ್ತಿತ್ತು.

ಪೆಟ್ಟಿಗೆ ಬಿಚ್ಚಿದಾಗ

ಒಳಗೆ ಇರಬೇಕಾದ ಭಾಗಗಳು: ತೀರ್ಪುಗಾರರು ಮೂವರು, ನಿರೂಪಕರು ಒಬ್ಬರು, ಚಪ್ಪಾಳೆಗೆಂದು ಕೂರಿಸಿದ ಪ್ರೇಕ್ಷಕರು ಒಂದು ಕಂತೆ, ಎದೆ ನಡುಗಿಸುವ ಹಿನ್ನೆಲೆ ಸದ್ದು ಬೇಕಾದಷ್ಟು. ತೀರ್ಪುಗಾರರ ಮುಂದೆ ಒಂದು ಗುಂಡಿ ಇರುತ್ತದೆ. ಅದನ್ನು ಯಾವಾಗ ಒತ್ತಬೇಕೆಂದು ಅವರಿಗೆ ಗೊತ್ತಿರುತ್ತದೆ. ಅದು ನಿಮಗೆ ಗೊತ್ತಿರಬಾರದು ಎಂಬುದು ಆಟದ ನಿಯಮ.

ಮಾದರಿಗಳು ಹಲವು. ಜೀ ಕನ್ನಡದಲ್ಲಿ 2016ರಲ್ಲಿ ಬಂದ ‘ಡ್ರಾಮಾ ಜೂನಿಯರ್ಸ್’ ಪೆಟ್ಟಿಗೆಯಲ್ಲಿ ನಟಿ ಲಕ್ಷ್ಮೀ, ಟಿ.ಎನ್. ಸೀತಾರಾಮ್, ವಿಜಯ್ ರಾಘವೇಂದ್ರ ಇದ್ದರು. ಅದೇ ವರ್ಷ ಶುರುವಾದ ‘ಕಾಮಿಡಿ ಕಿಲಾಡಿಗಳು’ ಪೆಟ್ಟಿಗೆಯಲ್ಲಿ ಜಗ್ಗೇಶ್, ಯೋಗರಾಜ್ ಭಟ್, ರಕ್ಷಿತಾ. ಎರಡಕ್ಕೂ ನಿರೂಪಕರಾಗಿ ಮಾಸ್ಟರ್ ಆನಂದ್. ‘ಸರಿಗಮಪ’ದಲ್ಲಿ ವಿಜಯ್ ಪ್ರಕಾಶ್, ಅರ್ಜುನ್ ಜನ್ಯ, ರಾಜೇಶ್ ಕೃಷ್ಣನ್ ಮೂವರೂ ಸಾಲದೆಂದು ಅವರ ಮೇಲೆ ಹಂಸಲೇಖರನ್ನು ಮಹಾಗುರುಗಳಾಗಿ ಕೂರಿಸಿದರು. ಮೇಲ್ಮನವಿಗೆ ಅವಕಾಶವಿದೆ ಎಂದು ಇದರ ಅರ್ಥವಲ್ಲ. ಇವರಲ್ಲಿ ಜಗ್ಗೇಶ್ ನಾಗಮಂಗಲದ ಗಡಿ ದಾಟಿದರೆ ಸಿಗುವ ಮಾಯಸಂದ್ರದ ಕಡೆಯವರು; ಹಾಗಾಗಿ ಬೆಳ್ಳೂರು ಸುತ್ತಮುತ್ತಲಿನವರು ‘ನಮ್ಮೋರೇ ಅವ್ರಲ್ಲ’ ಎಂದು ಒಂದು ಗುಟುಕು ಹೆಚ್ಚು ಧೈರ್ಯ ತಂದುಕೊಳ್ಳಬಹುದು. ಆ ಧೈರ್ಯಕ್ಕೆ ಕಂಪನಿ ಹೊಣೆಯಲ್ಲ.

ಈ ಯಂತ್ರ ಮೊದಲು ತಯಾರಾದಾಗ ಹೀಗಿರಲಿಲ್ಲ. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1950ರಿಂದ 1967ರವರೆಗೆ ‘ವಾಟ್ಸ್ ಮೈ ಲೈನ್?’ ಎಂಬ ಆಟ ನಡೆಯಿತು. ಯಾರೋ ಒಬ್ಬ ಸಾಮಾನ್ಯ ಮನುಷ್ಯ ಬಂದು ಕೂರುತ್ತಾನೆ. ಅವನು ಹೊಟ್ಟೆಪಾಡಿಗೆ ಏನು ಕೆಲಸ ಮಾಡುತ್ತಾನೆಂದು ಎದುರಿಗಿರುವ ನಾಲ್ಕು ಜನ ಗಣ್ಯರು ಹೌದು–ಅಲ್ಲ ಪ್ರಶ್ನೆಗಳಲ್ಲೇ ಕಂಡುಹಿಡಿಯಬೇಕು. ಆ ಗಣ್ಯರಲ್ಲಿ ಒಬ್ಬರು ಪುಸ್ತಕ ಪ್ರಕಾಶಕ ಬೆನೆಟ್ ಸರ್ಫ್. ಒಂದೊಂದು ‘ಅಲ್ಲ’ಕ್ಕೂ ಬಂದವನಿಗೆ 5 ಡಾಲರ್, ಹತ್ತು ‘ಅಲ್ಲ’ ಆದರೆ 50 ಡಾಲರ್ ಗೆದ್ದು ಮನೆಗೆ. ಹೆಸರಾಂತ ಅತಿಥಿ ಬಂದಾಗ ಪ್ಯಾನೆಲ್ಲಿನವರೇ ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳಬೇಕಿತ್ತು. ಪೆದ್ದರಂತೆ ಕಾಣುವ ಅಪಾಯವೆಲ್ಲ ಸೆಲೆಬ್ರಿಟಿಗಳದ್ದು; ಬಂದವನು ಗುಟ್ಟು ಬಲ್ಲವನ ಮುಖ ಮಾಡಿಕೊಂಡು ಕೂತಿದ್ದರಾಯಿತು.

2001ರಲ್ಲಿ ಬ್ರಿಟನ್ನಿನ ‘ಪಾಪ್ ಐಡಲ್’ ಹೊತ್ತಿಗೆ ಯಂತ್ರ ತಿರುವುಮುರುವಾಗಿತ್ತು. 2004ರಲ್ಲಿ ಅದು ‘ಇಂಡಿಯನ್ ಐಡಲ್’ ಆಗಿ ಇಲ್ಲಿಗೂ ಬಂತು. ಈಗ ಪ್ಯಾನೆಲ್ಲು ಕೇಳುವುದಿಲ್ಲ, ಹೇಳುತ್ತದೆ. ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳುವುದು ಸ್ಪರ್ಧಿ, ಅದೂ ‘ಬ್ಲೈಂಡ್‌ಫೋಲ್ಡ್ ರೌಂಡ್’ ಇದ್ದ ವಾರ.

ಹಳೆಯ ಮಾದರಿಯನ್ನು ನಮ್ಮ ಕಡೆ ತಂದಿದ್ದರೆ ಚೆನ್ನಾಗಿತ್ತು ಎಂದು ಈ ಕೈಪಿಡಿ ಬರೆದವರ ಖಾಸಗಿ ಅಭಿಪ್ರಾಯ. ಪಾಂಡವಪುರದ ಆಲೆಮನೆಯಲ್ಲಿ ಪಾಕದ ಹದ ನೋಡುವವನನ್ನು ಕರೆದು ಕೂರಿಸಿ, ಅವನ ಕೆಲಸ ಏನೆಂದು ಊಹಿಸಿ ಎನ್ನಿ. ಕುದಿಯುವ ಕೊಪ್ಪರಿಗೆಯ ಮುಂದೆ ನಿಂತು, ಒಂದು ಹನಿ ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ‘ಆಯ್ತು, ಇಳ್ಸಿ’ ಎನ್ನುವ ಮನುಷ್ಯ. ಅರೆ ನಿಮಿಷ ತಡವಾದರೆ ಬೆಲ್ಲ ಕರಿ, ಮೊದಲಾದರೆ ಬೆಲ್ಲ ಕಟ್ಟುವುದಿಲ್ಲ. ನಾಗಮಂಗಲದಲ್ಲಿ ಲೋಹದ ವಿಗ್ರಹ ಎರಕ ಹೊಯ್ಯುವವರನ್ನು ಕರೆಯಿರಿ. ಹತ್ತು ‘ಅಲ್ಲ’ ಸಿಗುವುದು ಖಾತರಿ. ಆದರೆ ಆ ಮಾದರಿ ಈಗ ತಯಾರಿಕೆಯಲ್ಲಿಲ್ಲ.

ಆಡಿಷನ್ನು ಮತ್ತು ಕಷ್ಟದ ಕಾಲಮ್ಮು

ಆಡಿಷನ್ ನಿಮ್ಮ ತಾಲ್ಲೂಕಿನಲ್ಲಿ ನಡೆಯುವುದಿಲ್ಲ. ಮೈಸೂರು, ಬೆಂಗಳೂರು, ಅದೃಷ್ಟವಿದ್ದರೆ ಮಂಡ್ಯ. ಶ್ರೀರಂಗಪಟ್ಟಣ, ಪಾಂಡವಪುರದವರು ರೈಲು ಹತ್ತಬಹುದು. ನಾಗಮಂಗಲದವರು ಬೆಳ್ಳೂರು ಕ್ರಾಸಿಗೆ ಹೋಗಿ ಬೆಂಗಳೂರು ಬಸ್ಸಿಗೆ ಕೈ ಅಡ್ಡ ಹಾಕಬೇಕು. ಕೆ.ಆರ್.ಪೇಟೆಯವರು ಮುಂಜಾನೆಯ ಬಸ್ಸಿನಲ್ಲಿ ಸೀಟು ಹಿಡಿಯುವುದರಲ್ಲೇ ಮೊದಲ ಸುತ್ತು ಗೆದ್ದಿರುತ್ತಾರೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯಲ್ಲಿ ಹೋದರೆ ಬೇಗ ತಲುಪುತ್ತೀರಿ ನಿಜ, ಆದರೆ ಬೇಗ ತಲುಪಿ ಪ್ರಯೋಜನವಿಲ್ಲ. ಸರತಿ ಸಾಲು ಕಾಂಪೌಂಡು ದಾಟಿ ರಸ್ತೆಗೆ ಬಂದಿರುತ್ತದೆ. ಎದೆಗೆ ನಂಬರಿನ ಚೀಟಿ ಅಂಟಿಸುತ್ತಾರೆ. ಮೊಸರನ್ನದ ಡಬ್ಬಿ, ಆಧಾರ್ ಜೆರಾಕ್ಸು, ಗಂಟಲಿಗೆ ಕಲ್ಲುಸಕ್ಕರೆ, ಫೋನಿಗೆ ಪವರ್‌ಬ್ಯಾಂಕು, ಇಷ್ಟು ಇಟ್ಟುಕೊಂಡಿರಿ.

ಒಂದು ಫಾರಂ ಕೊಡುತ್ತಾರೆ. ಹೆಸರು, ವಿಳಾಸ, ವಯಸ್ಸು ಬರೆಯಲು ಸಣ್ಣ ಸಣ್ಣ ಗೆರೆಗಳು. ‘ನಿಮ್ಮ ಬದುಕಿನ ಹಿನ್ನೆಲೆ’ ಎಂಬಲ್ಲಿ ಮಾತ್ರ ಅರ್ಧ ಪುಟ ಖಾಲಿ. ಗಮನಿಸಿ: ಕಲಿತ ರಾಗಗಳ ಪಟ್ಟಿ ಬರೆಯುವ ಜಾಗ ಅದಲ್ಲ. ಅದು ಕಷ್ಟದ ಕಾಲಮ್ಮು. ಯಂತ್ರ ಓಡುವುದು ಈ ಇಂಧನದ ಮೇಲೆ. ‘ನಂಗೇನೂ ಕಷ್ಟ ಇಲ್ಲ ಸಾ, ಅಪ್ಪ ಪಸಂದಾಗವ್ನೆ’ ಎಂದು ಬರೆದವರನ್ನು ಮುಂದಿನ ಸುತ್ತಿಗೆ ಕರೆದ ನಿದರ್ಶನ ಈ ಕೈಪಿಡಿ ಬರೆದವರ ಕಣ್ಣಿಗೆ ಬಿದ್ದಿಲ್ಲ.

ಕಷ್ಟದ ಲಭ್ಯತೆ ತಾಲ್ಲೂಕಿನಿಂದ ತಾಲ್ಲೂಕಿಗೆ ಬೇರೆ. ಈ ವಿಷಯದಲ್ಲಿ ನಾಗಮಂಗಲ ಸ್ವಾವಲಂಬಿ. ಬಿದ್ದರೆ ಮಳೆ, ಇಲ್ಲದಿದ್ದರೆ ಬೋರ್‌ವೆಲ್ಲು. ಬೋರು ಕೊರೆಸಿದ ಸಾಲ, ನೀರು ಬಾರದ ಬೋರಿನ ಸಾಲ, ರಾಗಿ ಒಣಗಿದ ವರ್ಷ, ಯಾವುದನ್ನು ಬಿಡುವುದು ಯಾವುದನ್ನು ಬರೆಯುವುದು. ಕೆ.ಆರ್.ಪೇಟೆಯವರಿಗೆ ಹೇಮಾವತಿ ನಾಲೆಯಲ್ಲಿ ನೀರು ಬಿಟ್ಟರೋ ಇಲ್ಲವೋ ಎಂಬುದರ ಮೇಲೆ ಕಷ್ಟ ನಿಗದಿಯಾಗುತ್ತದೆ. ಪಾಂಡವಪುರದವರು ಸಕ್ಕರೆ ಕಾರ್ಖಾನೆ ನಿಂತ ವರ್ಷಗಳನ್ನು ಬರೆಯಬಹುದು. ಅದು 2020ರಲ್ಲಿ ಗುತ್ತಿಗೆಗೆ ಹೋದ ಮೇಲೆ ಆ ಕಷ್ಟದ ಮಾರುಕಟ್ಟೆ ದರ ಸ್ವಲ್ಪ ಇಳಿದಿದೆ. ನಿಜವಾದ ಪೇಚು ಶ್ರೀರಂಗಪಟ್ಟಣದವರದು. ಸುತ್ತಲೂ ಕಾವೇರಿ, ಕಣ್ಣೆದುರು ಭತ್ತದ ಗದ್ದೆ, ಭಾನುವಾರವೆಂದರೆ ದರಿಯಾ ದೌಲತ್ತು, ಸಂಗಮ, ನಿಮಿಷಾಂಬದ ಕಡೆಗೆ ಕಾರುಗಳ ಸಾಲು. ಕಷ್ಟ ಕೇಳಿದರೆ 1799ರಷ್ಟು ಹಿಂದೆ ಹೋಗಬೇಕಾಗುತ್ತದೆ, ಅದು ಟೀವಿಗೆ ನಡೆಯುವುದಿಲ್ಲ. ಇಂಥವರು ಅಜ್ಜಿಯ ಕಡೆಯ ನೆಂಟಸ್ತನವನ್ನು ನಾಗಮಂಗಲದಲ್ಲಿ ಹುಡುಕಿಕೊಳ್ಳುವುದು ಲೇಸು.

ವಿಟಿ ಶೂಟು

ಆಯ್ಕೆಯಾದರೆ ಊರಿಗೆ ಕ್ಯಾಮೆರಾ ತಂಡ ಬರುತ್ತದೆ. ಸ್ಪರ್ಧಿ ವೇದಿಕೆಗೆ ಬರುವ ಮುನ್ನ ತೋರಿಸುವ ಎರಡು ನಿಮಿಷದ ಚಿತ್ರಕ್ಕೆ ವಿಟಿ ಎನ್ನುತ್ತಾರೆ. ಈ ಎರಡು ನಿಮಿಷಕ್ಕೆ ಒಂದು ಇಡೀ ದಿನ ಬೇಕು. ಮನೆಯವರು ಹಿಂದಿನ ರಾತ್ರಿಯೇ ಈ ಕೆಳಗಿನ ಸಿದ್ಧತೆ ಮಾಡಿಕೊಂಡಿರತಕ್ಕದ್ದು.

ಗ್ಯಾಸ್ ಒಲೆಯನ್ನು ಬಾಗಿಲ ಹಿಂದಕ್ಕೆ ಸರಿಸಿ. ಸಿಲಿಂಡರಿನ ಮೇಲೆ ಗೋಣಿಚೀಲ ಹಾಕಿ. ಫ್ರಿಜ್ಜನ್ನು ಸರಿಸಲಾಗುವುದಿಲ್ಲವಾದ್ದರಿಂದ ಹಳೇ ಸೀರೆ ಹೊದಿಸಿ, ಮೇಲೆ ದೇವರ ಫೋಟೋ ಇಡಿ. ಹಿತ್ತಿಲಲ್ಲಿ ಮೂರು ಕಲ್ಲಿಟ್ಟು ಒಲೆ ಮಾಡಿ. ಅಮ್ಮ ಅದನ್ನು ಊದಬೇಕು. ‘ಇನ್ನೊಂದ್ಸಲ ಊದಿ ಅಮ್ಮ, ಹೊಗೆ ಸಾಲ್ದು’ ಎಂದು ಬೆಂಗಳೂರಿನ ಹುಡುಗ ಹೇಳುತ್ತಾನೆ. ಅಮ್ಮ ಎಷ್ಟೋ ವರ್ಷದ ಮೇಲೆ ಸೌದೆ ಒಲೆ ಊದುತ್ತಿರುವುದರಿಂದ ಕೆಮ್ಮು ಬರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಅದನ್ನು ಒರೆಸಿಕೊಳ್ಳಲು ಬಿಡಬೇಡಿ. ಶೂಟಿನ ಅತಿ ಮುಖ್ಯವಾದ ದೃಶ್ಯ ಅದೇ.

ಮನೆಯದ್ದೇ ದೊಡ್ಡ ತಲೆನೋವು. ‘ಅಣ್ಣಾ, ಇದು ಮೋಲ್ಡ್ ಮನೆ. ಹಳೇದು, ಹೆಂಚಿಂದು ಯಾವ್ದಾದ್ರೂ ಇದ್ಯಾ?’ ಎಂದು ಕೇಳುತ್ತಾರೆ. ‘ಇತ್ತು ಸಾ. ಅದ್ನ ಕೆಡುವಿ ಇದ್ನ ಕಟ್ಟುದ್ವು’ ಎಂದು ಅಪ್ಪ ಹೆಮ್ಮೆಯಿಂದ ಹೇಳಿಬಿಡುತ್ತಾನೆ. ಇಂಥ ಉತ್ತರ ಕೊಡದಂತೆ ಅಪ್ಪನಿಗೆ ಮೊದಲೇ ತಾಕೀತು ಮಾಡಿ. ಕೊನೆಗೆ ದೊಡ್ಡಪ್ಪನ ಮನೆಯ ದನದ ಕೊಟ್ಟಿಗೆ ನಿಮ್ಮ ಮನೆಯಾಗುತ್ತದೆ. ದನಗಳಿಗೆ ಅಂದು ಹೊರಗೆ ವಾಸ್ತವ್ಯ.

ಅಪ್ಪ ನೇಗಿಲು ಹೂಡಬೇಕು. ಅಪ್ಪನ ಹತ್ತಿರ ಇರುವುದು ಟ್ರಾಕ್ಟರಿಗೆ ಕಟ್ಟಬೇಕಾದ ಕಂತು. ಹೇಮಗಿರಿ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿ ಕೊಂಡು ಸಾಕಿದ ಶೋಕಿಯ ಗೌಡರೊಬ್ಬರು ಪಕ್ಕದ ಊರಿನಲ್ಲಿ ಇದ್ದೇ ಇರುತ್ತಾರೆ, ಅವರಿಂದ ಎತ್ತು ಕಡ ತನ್ನಿ. ಆ ಎತ್ತುಗಳು ಮೆರವಣಿಗೆಗೆ ಸಾಕಿದವು, ನೊಗ ಕಂಡರೆ ಹೆದರುತ್ತವೆ. ಎತ್ತಿಗೂ ಅಪ್ಪನಿಗೂ ಪರಿಚಯವಿಲ್ಲ. ಹೀಗಾಗಿ ಅಪ್ಪ ಮುಂದೆ, ಎತ್ತು ಹಿಂದೆ ಎಂಬಂಥ ಶಾಟುಗಳು ಬಂದರೆ ಗಾಬರಿಯಾಗಬೇಡಿ, ನಿಧಾನಗತಿಯಲ್ಲಿ ತೋರಿಸಿದಾಗ ಎಲ್ಲ ಸರಿಹೋಗುತ್ತದೆ.

ಶ್ರೀರಂಗಪಟ್ಟಣ ತಾಲ್ಲೂಕಿನ ಮಹದೇವಪುರದವರಿಗೆ ಈ ಅಧ್ಯಾಯ ಅನ್ವಯಿಸುವುದಿಲ್ಲ. ಎಷ್ಟೋ ಭಾಷೆಯ ಎಷ್ಟೋ ಸಿನಿಮಾಗಳ ಚಿತ್ರೀಕರಣ ಕಂಡ ಊರು ಅದು. ಯಾವ ಮೂಲೆಯಲ್ಲಿ ನಿಂತರೆ ಬೆಳಕು ಚೆನ್ನ ಎಂಬುದನ್ನು ಅಲ್ಲಿನವರು ಕ್ಯಾಮೆರಾಮನ್ನಿಗೇ ಹೇಳಿಕೊಡುತ್ತಾರೆ. ಮೇಲುಕೋಟೆಯವರಿಗೂ ಹಾಗೇ, ರಾಯಗೋಪುರದ ಮುಂದೆ ಯಾರು ಯಾರೊಂದಿಗೆ ಕುಣಿದರು ಎಂಬ ಸ್ಥಳಪುರಾಣ ಅವರಿಗೆ ಬಾಯಿಪಾಠ.

ಮಾತಿನ ಹೊಂದಾಣಿಕೆ

ಯಂತ್ರದ ಬಲಬದಿಯಲ್ಲಿ ಒಂದು ತಿರುಪು ಇದೆ. ಅದರಿಂದ ಸ್ಪರ್ಧಿಯ ಮಂಡ್ಯ ಭಾಷೆಯನ್ನು ಏರಿಸಬಹುದು, ಇಳಿಸಬಹುದು. ಹಾಸ್ಯ ಕಾರ್ಯಕ್ರಮವಾದರೆ ಪೂರ್ತಿ ಏರಿಸಿ. ಹಕಾರವನ್ನು ಮನೆಯಲ್ಲೇ ಬಿಟ್ಟು ಬರಬೇಕು. ‘ಓಗ್ಲಾ’, ‘ಬುಡ್ಲಾ’, ‘ಎಂಗೈತೆ’, ‘ಉಂಕಂಡ್ಯಾ’ ಇವನ್ನು ಮಾತಿಗೊಂದರಂತೆ ಉದುರಿಸಿ. ನಿಮ್ಮ ಊರಲ್ಲಿ ಯಾರೂ ಅಷ್ಟು ಒತ್ತೊತ್ತಾಗಿ ಹಾಗೆ ಮಾತಾಡುವುದಿಲ್ಲ ಎಂದು ನಿಮಗೆ ಅನ್ನಿಸಬಹುದು. ನಿಮಗೆ ಅನ್ನಿಸುವುದು ಮುಖ್ಯವಲ್ಲ. ಹಾಡಿನ ಕಾರ್ಯಕ್ರಮವಾದರೆ ಮಾತಾಡುವಾಗ ಏರಿಸಿ, ಹಾಡುವಾಗ ಇಳಿಸಿ, ‘ಎಂಥಾ ಕಾಂಟ್ರಾಸ್ಟ್!’ ಎಂದು ಬೆರಗುಪಡಲು ತೀರ್ಪುಗಾರರಿಗೆ ಸುಲಭವಾಗುತ್ತದೆ.

ಇಲ್ಲೊಂದು ತಾಂತ್ರಿಕ ಟಿಪ್ಪಣಿ. ಅದೇ ‘ಓಗ್ಲಾ’ ಎನ್ನುವ ಮನುಷ್ಯ ಊರ ನಾಟಕದಲ್ಲಿ ಕಿರೀಟ ಇಟ್ಟುಕೊಂಡು ನಿಂತರೆ ಭಕಾರ, ಘಕಾರ, ಧಕಾರ ಒಂದೂ ತಪ್ಪುವುದಿಲ್ಲ. ಹೊಟ್ಟೆಯಿಂದ ಎದ್ದು ಬಂದ ಮಹಾಪ್ರಾಣಕ್ಕೆ ಮೈಕು ಕಿರುಗುಟ್ಟುತ್ತದೆ. ಈ ಸಾಮರ್ಥ್ಯವನ್ನು ಬಳಸುವ ಗುಂಡಿ ಯಂತ್ರದಲ್ಲಿ ಎಲ್ಲಿದೆ ಎಂದು ಹುಡುಕಬೇಡಿ. ಇಲ್ಲ.

ಹಳೇ ಯಂತ್ರವಿದ್ದವರ ಗಮನಕ್ಕೆ

ನಿಮ್ಮ ಮನೆಯಲ್ಲಿ ಈ ಮೊದಲೇ ‘ಕುರುಕ್ಷೇತ್ರ’ ಮಾದರಿಯ ಯಂತ್ರ ಇರುವ ಸಾಧ್ಯತೆ ಹೆಚ್ಚು. ಈ ನಾಲ್ಕು ತಾಲ್ಲೂಕುಗಳಲ್ಲಿ ಪೌರಾಣಿಕ ನಾಟಕದ ವೇಷ ಕಟ್ಟಿದ ಗಂಡಸು ಒಬ್ಬನಾದರೂ ಇಲ್ಲದ ವಂಶ ಅಪರೂಪ. ಹೊಸ ಯಂತ್ರ ಜೋಡಿಸುವಾಗ ಹಳೆಯದರ ನೆನಪು ಅಡ್ಡ ಬಂದು ಗೊಂದಲವಾಗುತ್ತದೆ. ಆದ್ದರಿಂದ ಎರಡರ ವ್ಯತ್ಯಾಸವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಹಳೆಯ ಯಂತ್ರದಲ್ಲಿ ಕಲಾವಿದನೇ ದುಡ್ಡು ಕಟ್ಟುತ್ತಾನೆ. ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು, ಭೀಮನಿಗೆ ಸ್ವಲ್ಪ ಕಡಿಮೆ, ವಿದುರನಿಗೆ ಇನ್ನೂ ಕಡಿಮೆ. ಪದ್ಯ ಹೆಚ್ಚಿದ್ದ ಪಾತ್ರಕ್ಕೆ ದರ ಹೆಚ್ಚು. ಕೃಷ್ಣನಾಗಲು ಇಬ್ಬರು ಹಟ ಹಿಡಿದರೆ ಜಗಳವಿಲ್ಲ, ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಕರಪತ್ರದಲ್ಲಿ ಇಬ್ಬರ ಫೋಟೋವನ್ನೂ ಹಾಕಿ ಸಂಧಾನಕ್ಕೆ ಮೊದಲು ಒಬ್ಬ, ಆಮೇಲೆ ಒಬ್ಬ. ದ್ರೌಪದಿ ಮಾತ್ರ ಸಂಬಳ ಪಡೆದು ಹೊರಗಿನಿಂದ ಬರುವ ವೃತ್ತಿ ಕಲಾವಿದೆ. ಇಡೀ ಸಭೆಯಲ್ಲಿ ದುಡಿಮೆಗೆ ಬಂದವರು ಆಕೆ, ಹಾರ್ಮೋನಿಯಂ ಮೇಷ್ಟ್ರು, ಸೀನರಿಯವರು, ಇಷ್ಟೇ ಜನ. ಮೇಷ್ಟ್ರು ತಿಂಗಳುಗಟ್ಟಲೆ ಶಾಲೆಯ ಜಗುಲಿಯಲ್ಲೋ ದೇವಸ್ಥಾನದ ಅಂಗಳದಲ್ಲೋ ರಾತ್ರಿ ಪಾಠ ಮಾಡಿರುತ್ತಾರೆ. ಹಗಲು ಕಬ್ಬು ಕಡಿದವನು ರಾತ್ರಿ ಕರ್ಣನ ಪದ್ಯದ ತಾರಸ್ಥಾಯಿ ಹುಡುಕುತ್ತಾನೆ.

ನಾಟಕದ ರಾತ್ರಿ ಒಂಬತ್ತಕ್ಕೆ ಎಂದು ಕರಪತ್ರದಲ್ಲಿದ್ದರೆ ಹನ್ನೊಂದಕ್ಕೆ ಪರದೆ ಏಳುತ್ತದೆ. ಅಷ್ಟರವರೆಗೆ ಮುಖ್ಯ ಅತಿಥಿಗಳ ಭಾಷಣ. ಸೆಲೆಬ್ರಿಟಿ ಪ್ಯಾನೆಲ್ಲು ಅಲ್ಲೂ ಇದೆ: ಶಾಸಕರು, ಮಾಜಿ ಶಾಸಕರು, ಮುಂದಿನ ಸಲ ಶಾಸಕರಾಗಬೇಕೆಂದು ಇರುವವರು. ಅವರು ದೀಪ ಹಚ್ಚಿ, ಶಾಲು ಹೊದ್ದು, ಎರಡು ಪದ್ಯ ಕೇಳಿ, ಇನ್ನೊಂದೂರಿನ ನಾಟಕಕ್ಕೆ ಹೊರಟುಬಿಡುತ್ತಾರೆ. ತೀರ್ಪು ಕೊಡುವಷ್ಟು ಹೊತ್ತು ಕೂರುವುದಿಲ್ಲ, ಅದು ಈ ಯಂತ್ರದ ದೊಡ್ಡ ಸೌಕರ್ಯ. ತೀರ್ಪು ಕೊಡುವವರು ಚಾಪೆಯ ಮೇಲೆ ಕಂಬಳಿ ಹೊದ್ದು ಕೂತಿರುತ್ತಾರೆ. ರಂಗದ ಮೇಲಿಂದ ಒಂದೇ ಮೈಕು ಇಳಿಬಿಟ್ಟಿರುತ್ತಾರೆ. ದುರ್ಯೋಧನ ಗದೆ ಹೊತ್ತು ಸರಿಯಾಗಿ ಅದರ ಕೆಳಗೆ ಬಂದು ನಿಂತು, ಮೇಷ್ಟ್ರ ಕಡೆ ಒಂದು ನೋಟ ಬಿಸಾಕಿ, ಶ್ರುತಿ ಹಿಡಿದು, ಪದ್ಯದ ಕೊನೆಯ ಸ್ವರವನ್ನು ಉಸಿರು ಕಟ್ಟುವವರೆಗೆ ಎಳೆಯುತ್ತಾನೆ. ಹಿಂದಿನ ಸಾಲಿನಿಂದ ಶಿಳ್ಳೆ, ‘ಒನ್ಸ್ ಮೋರ್’. ಅಷ್ಟರಲ್ಲಿ ಅಳಿಯ ಎದ್ದು ಬಂದು ಕೌರವೇಶ್ವರನ ಕೊರಳಿಗೆ ನೋಟಿನ ಹಾರ ಹಾಕುತ್ತಾನೆ. ಪಾಂಡವರು ಬದಿಯಲ್ಲಿ ಬೀಡಿ ಸೇದುತ್ತ ಕಾಯುತ್ತಾರೆ. ಶ್ರುತಿ ಬಿಟ್ಟರೆ ಚಾಪೆಯ ಮೇಲಿನ ಮುದುಕರಲ್ಲಿ ಒಬ್ಬ ಗಟ್ಟಿಯಾಗಿಯೇ ಹೇಳುತ್ತಾನೆ: ‘ಬುಟ್ಬುಟ್ಟ ಕಣ್ಲಾ. ಇವ್ರಪ್ಪ ಎಂಗ್ ಆಡೋನು, ಇವ್ನು ಎಂಗ್ ಬುಟ್ಟ ನೋಡು.’ ಅದನ್ನು ಮಾರನೆ ದಿನ ಟೀ ಅಂಗಡಿಯಲ್ಲಿ ಮತ್ತೆ ಹೇಳುತ್ತಾನೆ, ಮೂರು ವರ್ಷವಾದ ಮೇಲೂ ಹೇಳುತ್ತಾನೆ.

ಆದರೆ ಎಲಿಮಿನೇಷನ್ ಇಲ್ಲ. ಎಷ್ಟೇ ಕೆಟ್ಟದಾಗಿ ಹಾಡಿದರೂ ದುರ್ಯೋಧನ ಬೆಳಗಿನ ಜಾವದವರೆಗೆ ಇದ್ದು, ತೊಡೆ ಮುರಿಸಿಕೊಂಡೇ ಸಾಯಬೇಕು. ದುಡ್ಡು ಕಟ್ಟಿದ್ದಾನೆ. ಅವನ ಕಷ್ಟವೇನು ಎಂದೂ ಯಾರೂ ಕೇಳುವುದಿಲ್ಲ, ಏಕೆಂದರೆ ಅದೆಲ್ಲ ಊರಿಗೆ ಮೊದಲೇ ಗೊತ್ತು. ಪಾತ್ರದ ದುಡ್ಡಿಗೆ ಹೆಂಡತಿಯ ಓಲೆ ಒತ್ತೆ ಇಟ್ಟಿದ್ದು ಸಹ.

ಹೊಸ ಯಂತ್ರ ಬಳಸುವವರು ಈ ಅಭ್ಯಾಸಗಳನ್ನೆಲ್ಲ ತೊರೆಯಬೇಕು. ಸ್ಟುಡಿಯೋದಲ್ಲಿ ಮೈಕು ಕೆನ್ನೆಗೇ ಅಂಟಿರುತ್ತದೆ, ಮೇಲೆ ನೋಡಿ ಹುಡುಕಬೇಡಿ. ಹಿಂದಿನ ಸಾಲಿನಿಂದ ‘ಒನ್ಸ್ ಮೋರ್’ ಬಂದರೆ ಅದು ಫ್ಲೋರ್ ಮ್ಯಾನೇಜರು ಹೇಳಿಕೊಟ್ಟದ್ದು, ನಂಬಿ ಮತ್ತೆ ಶುರು ಹಚ್ಚಿಕೊಳ್ಳಬೇಡಿ.

ಮತ, ಗುರುವಾರ, ಫ್ಲೆಕ್ಸು

ಫಿನಾಲೆ ಹತ್ತಿರವಾದಂತೆ ಮತ ಕೇಳಬೇಕಾಗುತ್ತದೆ. ಇದರ ವಿವರ ನಮ್ಮ ಕಡೆಯವರಿಗೆ ಹೇಳಿಕೊಡುವುದು ಅಧಿಕಪ್ರಸಂಗ. ಬಸ್‌ಸ್ಟ್ಯಾಂಡಿನಲ್ಲಿ ‘ನಮ್ಮ ತಾಲ್ಲೂಕಿನ ಹೆಮ್ಮೆಯ ಪ್ರತಿಭೆ’ ಫ್ಲೆಕ್ಸು ಏಳುತ್ತದೆ. ಸ್ಪರ್ಧಿಯ ಮುಖ ಅಂಗೈಯಷ್ಟು, ಶುಭ ಕೋರುವವರ ಮುಖಗಳು ಮೊರದಷ್ಟು. ಮಗನ ಭವಿಷ್ಯ ತೀರ್ಮಾನವಾಗುವುದು ಶನಿವಾರ–ಭಾನುವಾರದ ಕಂತಿನಲ್ಲಿ ಎಂದುಕೊಂಡಿದ್ದೀರಿ. ಅಲ್ಲ. ಟಿಆರ್‌ಪಿ ಬರುವುದು ಗುರುವಾರ. ಆ ದಿನ ವಾಹಿನಿಯವರ ಮುಖ ನೋಡಿದರೆ ಮುಂದಿನ ವಾರ ಅಮ್ಮನನ್ನು ವೇದಿಕೆಗೆ ಕರೆಸುತ್ತಾರೋ ಇಲ್ಲವೋ ತಿಳಿಯುತ್ತದೆ.

ತೊಂದರೆ ಕಂಡುಬಂದಲ್ಲಿ

ಸ್ಪರ್ಧಿಗೆ ಅಳು ಬರುತ್ತಿಲ್ಲ: ವಿಟಿ ಮತ್ತೊಮ್ಮೆ ತೋರಿಸಿ. ಆಗಲೂ ಬಾರದಿದ್ದರೆ ಅಪ್ಪನನ್ನು ಹಿಂಬದಿಯ ಬಾಗಿಲಿನಿಂದ ಕರೆತನ್ನಿ. ಅಪ್ಪ ಹೊಸ ಪಂಚೆ ಉಟ್ಟು ಬಂದಿದ್ದರೆ ವಾಪಸು ಕಳಿಸಿ ಹಳೆಯದು ಉಡಿಸಿ.

ಅಳು ನಿಲ್ಲುತ್ತಿಲ್ಲ: ಇದು ದೋಷವಲ್ಲ, ಸೌಲಭ್ಯ. ಬ್ರೇಕ್‌ವರೆಗೆ ಬಿಡಿ.

ತೀರ್ಪುಗಾರರು ಹಾಡಿನಲ್ಲಿನ ನಿಜವಾದ ತಪ್ಪನ್ನೇ ತೋರಿಸಿ ತಿದ್ದುತ್ತಿದ್ದಾರೆ: ಅಪರೂಪಕ್ಕೆ ಹೀಗಾಗುತ್ತದೆ. ಈಟಿವಿ ಕನ್ನಡದ ‘ಎದೆ ತುಂಬಿ ಹಾಡುವೆನು’ ನಡೆಸಿಕೊಟ್ಟ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಕಾಲದಲ್ಲಿ ಇದು ವಾರವಾರ ಆಗುತ್ತಿತ್ತು. ನಗುನಗುತ್ತ ತಾವೇ ಆ ಸಾಲು ಹಾಡಿ ತೋರಿಸಿ, ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಹೇಳುತ್ತಿದ್ದರು. ಹಾಗೆ ಆದಾಗ ಗುಂಡಿ ಒತ್ತಬೇಡಿ, ಸುಮ್ಮನೆ ಕೂತು ಕೇಳಿ.

ಸ್ಪರ್ಧಿ ಕಿಕ್ಕೇರಿ ಕಡೆಯವನು, ಕೆ.ಎಸ್. ನರಸಿಂಹಸ್ವಾಮಿಯವರ ಗೀತೆಯೇ ಹಾಡುತ್ತೇನೆ ಎಂದು ಹಟ ಹಿಡಿದಿದ್ದಾನೆ: ಭಾವಗೀತೆಗೆ ಒಂದು ವಾರ ಮೀಸಲಿರುತ್ತದೆ, ಅಲ್ಲಿಯವರೆಗೆ ತಡೆದುಕೊಳ್ಳಲು ಹೇಳಿ. ಅಷ್ಟರೊಳಗೆ ಮನೆಗೆ ಬಂದರೆ ಮನೆಯಲ್ಲಿ ಹಾಡಲಿ.

ಅಜ್ಜ ರಿಮೋಟು ಕೊಡುತ್ತಿಲ್ಲ, ಚಂದನ ವಾಹಿನಿ ಬಿಟ್ಟು ಬೇರೆ ನೋಡುವುದಿಲ್ಲ ಎನ್ನುತ್ತಾನೆ: ಅಲ್ಲಿ ‘ಥಟ್ ಅಂತ ಹೇಳಿ’ ಬರುತ್ತಿರಬೇಕು. 2002ರಲ್ಲಿ ಶುರುವಾದದ್ದು, ಸಾವಿರಾರು ಕಂತು ಆಗಿದೆ. ಡಾ. ನಾ. ಸೋಮೇಶ್ವರ ಒಬ್ಬರೇ ಪ್ರಶ್ನೆ ಕೇಳುತ್ತಾರೆ. ಪ್ಯಾನೆಲ್ಲಿಲ್ಲ, ವಿಟಿ ಇಲ್ಲ, ಒಲೆ ಊದುವ ಅಮ್ಮ ಇಲ್ಲ. ಸರಿಯಾದ ಉತ್ತರಕ್ಕೆ ಪುಸ್ತಕ ಕೊಟ್ಟು ಕಳಿಸುತ್ತಾರೆ. ಅದರಿಂದ ಬದುಕು ಬದಲಾಯಿತೆಂದು ಯಾರೂ ಹೇಳಿಕೊಳ್ಳುವುದಿಲ್ಲ, ಆದರೆ ಉತ್ತರ ಗೊತ್ತಿದ್ದರೆ ಸಾಕು ಎಂಬ ಏಕೈಕ ಕಾರ್ಯಕ್ರಮ ಅದು. ಅಜ್ಜನನ್ನು ಕದಲಿಸುವ ವಿಧಾನ ಈ ಕೈಪಿಡಿಯಲ್ಲಿ ಇಲ್ಲ.

ಗೆದ್ದ ಮೇಲೆ

ಟ್ರೋಫಿ ಭಾರ ಇರುತ್ತದೆ, ಎರಡು ಕೈಯಲ್ಲಿ ಹಿಡಿಯಿರಿ. ದೊಡ್ಡ ರಟ್ಟಿನ ಚೆಕ್ಕನ್ನು ಬ್ಯಾಂಕಿಗೆ ಒಯ್ಯಬೇಡಿ. ಹಣಕ್ಕಿಂತ ಹೆಚ್ಚು ಬಾಳಿಕೆ ಬರುವುದು ಹೆಸರು. ‘ಕಾಮಿಡಿ ಕಿಲಾಡಿಗಳು’ ಮೊದಲ ಆವೃತ್ತಿ ಗೆದ್ದವರು ಶಿವರಾಜ್ ಕೆ.ಆರ್.ಪೇಟೆ. 2020ರಲ್ಲಿ ‘ನಾನು ಮತ್ತು ಗುಂಡ’ ಚಿತ್ರದಲ್ಲಿ ನಾಯಿಯೊಂದಿಗೆ ನಾಯಕರೂ ಆದರು. ಅವರ ಹೆಸರನ್ನು ಇನ್ನೊಮ್ಮೆ ಓದಿ. ಊರು ಕೊನೆಯಲ್ಲಿದೆ, ಅದೂ ಪೂರ್ತಿ.

ಇದು ಸಣ್ಣ ಸಾಧನೆಯಲ್ಲ. ಈ ತಾಲ್ಲೂಕುಗಳ ದೊಡ್ಡವರೆಲ್ಲ ಇದುವರೆಗೆ ಊರನ್ನು ಇನಿಷಿಯಲ್ಲಿನಲ್ಲಿ ಮಡಚಿ ಇಟ್ಟುಕೊಂಡವರು. ಕೆ.ಎಸ್. ನರಸಿಂಹಸ್ವಾಮಿಯವರ ಕೆ ಎಂದರೆ ಕಿಕ್ಕೇರಿ. ಎ.ಎನ್. ಮೂರ್ತಿರಾಯರ ಎ ಎಂದರೆ ಅಕ್ಕಿಹೆಬ್ಬಾಳು. ಬಿ.ಎಂ.ಶ್ರೀ ಅವರ ಬಿ ನಾಗಮಂಗಲ ತಾಲ್ಲೂಕಿನ ಬೆಳ್ಳೂರು; ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರ ಎಚ್ ಅದೇ ತಾಲ್ಲೂಕಿನ ಹೆರಗನಹಳ್ಳಿ. ಮುಖ್ಯಮಂತ್ರಿಯಾದರೂ ಬಿ.ಎಸ್. ಯಡಿಯೂರಪ್ಪ ಬೂಕನಕೆರೆಯನ್ನು ಒಂದು ಅಕ್ಷರದಿಂದ ಮೇಲೇಳಲು ಬಿಡಲಿಲ್ಲ. 1948ರಲ್ಲಿ ಮೇಲುಕೋಟೆಯಲ್ಲಿ ಹುಟ್ಟಿ ಪಕ್ಕದ ರಾಜ್ಯದ ಮುಖ್ಯಮಂತ್ರಿಯಾದ ಜಯಲಲಿತಾ ಅವರ ಹೆಸರಿನಲ್ಲಂತೂ ಊರಿನ ಒಂದು ಅಕ್ಷರವೂ ಇಲ್ಲ. ನಾಗತಿಹಳ್ಳಿ ಚಂದ್ರಶೇಖರ್ ಒಬ್ಬರು ಊರನ್ನು ಪೂರ್ತಿ ಮುಂದಿಟ್ಟರು, ವರ್ಷ ವರ್ಷ ಅದೇ ಊರಿನಲ್ಲಿ ಹಬ್ಬವನ್ನೂ ಮಾಡುತ್ತಾರೆ. ಮಹಾಕಾವ್ಯ ಬರೆದರೂ ಸಿಗದಿದ್ದ ಜಾಗ ಕೆ.ಆರ್.ಪೇಟೆಗೆ ಟೀವಿಯ ಒಂದು ಪಟ್ಟಿಯಲ್ಲಿ ಸಿಕ್ಕಿತು. ನಿರೂಪಕರು ಪ್ರತಿ ವಾರ ಕೂಗಿ ಕರೆದರಲ್ಲ, ಅದಕ್ಕೆ.

ಗೆಲ್ಲದಿದ್ದರೂ ಯಂತ್ರವನ್ನು ಎಸೆಯಬೇಡಿ. ಹಾವೇರಿ ಜಿಲ್ಲೆಯ ಕುರಿಗಾಹಿ ಹನುಮಂತ ‘ಸರಿಗಮಪ’ದಲ್ಲಿ ರನ್ನರ್ ಅಪ್ ಆದವರು. ಆಮೇಲೆ ‘ಬಿಗ್ ಬಾಸ್’ 11ನೇ ಆವೃತ್ತಿಗೆ ವೈಲ್ಡ್ ಕಾರ್ಡಿನಲ್ಲಿ ನುಗ್ಗಿ 2025ರ ಜನವರಿಯಲ್ಲಿ ಗೆದ್ದೇಬಿಟ್ಟರು. ಲುಂಗಿಯನ್ನು ಮಾತ್ರ ಬಿಡಲಿಲ್ಲ. ಲುಂಗಿ ಬಿಡದಿರುವುದು ಅವರ ಸ್ವಂತ ಬುದ್ಧಿ, ಕೈಪಿಡಿ ನೋಡಿ ಮಾಡಿದ್ದಲ್ಲ.

ವಾರಂಟಿ

ಖ್ಯಾತಿಯ ಅವಧಿ ಮುಂದಿನ ಆವೃತ್ತಿಯ ಪ್ರೊಮೋ ಬರುವವರೆಗೆ. ಅಷ್ಟರೊಳಗೆ ಶ್ರೀರಂಗಪಟ್ಟಣ ದಸರೆಯ ವೇದಿಕೆ, ಗಣೇಶೋತ್ಸವ, ಚಿನ್ನದಂಗಡಿ ಉದ್ಘಾಟನೆ, ಕಾಲೇಜು ದಿನಾಚರಣೆ ಯಾವುದಕ್ಕೂ ಇಲ್ಲವೆನ್ನಬೇಡಿ. ಅವಧಿ ಮುಗಿದ ಬಳಿಕ ಸ್ಪರ್ಧಿಯನ್ನು ಊರಿನಲ್ಲೇ ಬಳಸಬಹುದು. ಆದರೆ ಒಂದು ಷರತ್ತಿದೆ, ದಯವಿಟ್ಟು ಗಮನಿಸಿ. ಈ ಸಲದ ‘ಕುರುಕ್ಷೇತ್ರ’ಕ್ಕೆ ಪಾತ್ರ ಹಂಚುವ ರಾತ್ರಿ ಅವನು ಹೋಗಿ ಕೃಷ್ಣನ ಪಾರ್ಟು ಕೇಳಿದರೆ, ಹಾರ್ಮೋನಿಯಂ ಮೇಷ್ಟ್ರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೀಗೆನ್ನುತ್ತಾರೆ: ‘ಟೀವೀಲಿ ಬಂದೋನಲ್ವಾ, ನೀನು ಒಂದಿಷ್ಟು ಜಾಸ್ತಿ ಆಕ್ಬೇಕು ಕಣಪ್ಪ. ಮೊದ್ಲು ಒಂದ್ ಪದ್ಯ ಏಳು, ಶ್ರುತೀಲಿ ನಿಂತಿಯಾ ನೋಡುವ.’